ಡಿಸೈನ್ ಮೊದಲು, ಲೇಸರ್ ಆಮೇಲೆ: ನನ್ನ ಟ್ರೈಬಲ್ ಪಟ್ಟಿ ಮುಚ್ಚಿದ ಅನುಭವ

ಬೇಡವಾದ ಟ್ಯಾಟೂ ಅಂದರೆ ಟ್ಯಾಟೂ ಹಾಕುವ ನಮ್ಮ ಕಸುಬಿನವರ ಬಾಯಲ್ಲಿ ಎರಡೇ ಮಾತು: ಲೇಸರ್‌ನಲ್ಲಿ ಪೂರ್ತಿ ತೆಗೆಸು, ಇಲ್ಲವೇ ಅದಕ್ಕಿಂತ ದೊಡ್ಡದನ್ನು, ಅದಕ್ಕಿಂತ ಕಪ್ಪಾದದ್ದನ್ನು ಮೇಲೆ ಹಾಕಿಸು. ಮೂರು ನಾಲ್ಕು ಸಿಟಿಂಗ್ ಲೇಸರ್, ಅದೂ ಬೇಕಾದ ಜಾಗಕ್ಕೆ ಮಾತ್ರ, ಆಮೇಲೆ ಬಣ್ಣದ ಕವರ್‌ಅಪ್ (ಹಳೇ ಟ್ಯಾಟೂ ಮುಚ್ಚುವ ಹೊಸ ಟ್ಯಾಟೂ) ಎಂದು ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಲೇಸರ್ ಬಿದ್ದ ಚರ್ಮ ಇಂಕ್ ಹಿಡಿಯಲ್ಲ, ಎರಡೆರಡು ಕಡೆ ದುಡ್ಡು ಕೊಡೋರು ಯಾರು" ಅಂದರು. ನನ್ನ ಎಡ ಮುಂದೋಳಿನ ಟ್ರೈಬಲ್, ಅಂದರೆ ಬುಡಕಟ್ಟು ಶೈಲಿಯ ಕಪ್ಪು ಪಟ್ಟಿಯ ಮೇಲೆ ತಿಳಿ ಗುಲಾಬಿ ತಾವರೆ ಕೂತು ಎರಡು ವರ್ಷದ ಮೇಲಾಯಿತು. ಪಟ್ಟಿ ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸಲು ಆ ಸ್ನೇಹಿತರಿಗೂ ಇವತ್ತಿಗೂ ಆಗಿಲ್ಲ.

ನೇರ ಕವರ್‌ಅಪ್ ಯಾಕೆ ಸೋಲುತ್ತದೆ ಎನ್ನುವುದು ನನಗೆ ಗಿರಾಕಿಗಳ ಮೈಮೇಲೆ ಗೊತ್ತಾದ ವಿಷಯ. ಹಾಕಿದ ದಿನ ಎಲ್ಲವೂ ಚೆನ್ನ. ವರ್ಷ ಕಳೆಯುವಷ್ಟರಲ್ಲಿ ಹೂವಿನ ದಳದೊಳಗಿಂದ ಹಳೇ ಹೆಸರು ಎದ್ದು ಬರುತ್ತದೆ. ಗೋಡೆಗೆ ಇನ್ನೊಂದು ಕೋಟ್ ಪೇಂಟ್ ಹೊಡೆದ ಹಾಗಲ್ಲ ಇದು. ಹಳೇ ಇಂಕು, ಹೊಸ ಇಂಕು ಎರಡೂ ಒಳಚರ್ಮದ ಒಂದೇ ಪದರದಲ್ಲಿ ಬೆರೆತು ಕೂರುತ್ತವೆ, ಕಣ್ಣಿಗೆ ಕಾಣುವುದು ಎರಡರ ಮೊತ್ತ. ಕಪ್ಪಿನ ಮೇಲೆ ಹಳದಿ, ಗುಲಾಬಿ ಎಷ್ಟು ತುಂಬಿದರೂ ದುಡ್ಡು ದಂಡ.

ಲೇಸರ್‌ಗೆ ಮೊದಲು ಅಗ್ಗದ ದಾರಿಗಳನ್ನೂ ನೋಡಿಬಿಟ್ಟೆ. ಕ್ರೀಮು ಮೇಲ್ಪದರ ದಾಟುವುದಿಲ್ಲ, ನಮ್ಮ ಇಂಕು ಇರುವುದು ಒಂದೆರಡು ಮಿಲಿಮೀಟರ್ ಕೆಳಗೆ. ಅಲ್ಲಿಗೆ ಆ ಕಥೆ ಮುಗಿಯಿತು. ಉಪ್ಪುನೀರನ್ನು ಸೂಜಿಯಲ್ಲಿ ತುಂಬುವ ವಿಧಾನ ಹುಬ್ಬಿನ ತೆಳು ಪಿಗ್ಮೆಂಟ್‌ಗೆ ನಡೆಯುತ್ತದೆ. ಪಟ್ಟಿಯ ಒಂದು ಮೂಲೆಯಲ್ಲಿ ಉಗುರಿನಷ್ಟು ಜಾಗಕ್ಕೆ ಮಾಡಿ ನೋಡಿದೆ: ದಪ್ಪ ಹಕ್ಕಳೆ ಕಟ್ಟಿ ಬಿತ್ತು, ಕಪ್ಪು ಒಂದು ಚೂರು ಇಳಿಯಿತು, ಚರ್ಮ ಮಾತ್ರ ಆರೇಳು ತಿಂಗಳು ಒರಟಾಗಿಯೇ ಇತ್ತು. ಪೂರ್ತಿ ಪಟ್ಟಿಗೆ ಅದನ್ನು ಮಾಡಿದ್ದರೆ ಕೈ ತುಂಬ ಕಲೆ ಉಳಿಯುತ್ತಿತ್ತು. ಆಸಿಡ್ ಹಚ್ಚಿಕೊಂಡು ಬಂದವರ ಕಲೆ ನೋಡಿದ್ದೇನೆ, ಅಂಥ ಗಂಟು ಕಟ್ಟಿದ ಚರ್ಮಕ್ಕೆ ಸೂಜಿ ಇಡುವುದೂ ಕಷ್ಟ. ಟ್ಯಾಟೂ ತೀರಾ ಚಿಕ್ಕದಿದ್ದು ಚರ್ಮ ಸಡಿಲವಿದ್ದರೆ ಡಾಕ್ಟರ್ ಕತ್ತರಿಸಿ ಹೊಲಿಗೆ ಹಾಕುವುದೇ ಬೇಗದ ದಾರಿ. ಗೆರೆಯಂಥ ಕಲೆ ಉಳಿಯುತ್ತದೆ, ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಲೇಸರ್ ಹೊಡೆದದ್ದು ಚರ್ಮದ ಡಾಕ್ಟರು, ಮಷಿನ್ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ (ತೀರಾ ಚಿಕ್ಕ, ಜೋರಾದ ಮಿಡಿತದಲ್ಲಿ ಬೆಳಕು ಹೊಡೆಯುವ ಲೇಸರ್), ಕಪ್ಪಿಗೆ 1064 ನ್ಯಾನೊಮೀಟರ್ ತರಂಗದ ಬೆಳಕು. ನನ್ನ ಪಾಲಿನ ಕೆಲಸ ಅದಕ್ಕೆ ಮೊದಲೇ ಆಗಿತ್ತು. ತಾವರೆಯ ಸ್ಟೆನ್ಸಿಲ್ ಮಾಡಿ ಪಟ್ಟಿಯ ಮೇಲೆ ಕೂರಿಸಿ, ತಿಳಿ ದಳ ಬರುವ ಜಾಗಗಳನ್ನು ಪೆನ್ನಿನಲ್ಲಿ ಗುರುತು ಹಾಕಿ ಫೋಟೊ ತೆಗೆದು ಡಾಕ್ಟರಿಗೆ ಕೊಟ್ಟೆ. ದಳದ ಜಾಗಕ್ಕೆ ಪ್ರತಿ ಸಿಟಿಂಗ್‌ನಲ್ಲೂ ಲೇಸರ್, ಎಲೆಯ ನೆರಳು ಬರುವ ಕಡೆ ಒಂದೋ ಎರಡೋ ಸಲ, ದಂಟಿನ ಕೆಳಗೆ ಮುಟ್ಟಲೇ ಇಲ್ಲ. ಹಳೇ ಕಪ್ಪು ಅಲ್ಲಿ ಹೊಸ ಡಿಸೈನಿನ ಕಪ್ಪಾಗಿಯೇ ಕೆಲಸ ಮಾಡುತ್ತಿದೆ. ಯಾರೂ ನಂಬದೆ ಇದ್ದದ್ದು ಇದನ್ನೇ, ಗೆದ್ದದ್ದೂ ಇದೇ.

ಹೊಡೆದ ಕೂಡಲೇ ಇಂಕಿದ್ದ ಜಾಗವೆಲ್ಲ ಬೆಳ್ಳಗೆ ಉಬ್ಬುತ್ತದೆ, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ಬಿಳುಪು ಇಳಿದು ಕೆಂಪಾಗುತ್ತದೆ. ಮೊದಲ ಸಿಟಿಂಗ್ ಆದ ತಿಂಗಳಿಗೆ ಕೈ ನೋಡಿದವರು "ಏನೂ ಆಗಿಲ್ವಲ್ಲ" ಎಂದು ಹೋದರು. ಲೇಸರ್ ಮಾಡುವುದು ಚೂರು ಮಾಡುವ ಕೆಲಸ, ಆ ಚೂರುಗಳನ್ನು ಸಾಗಿಸುವುದು ದೇಹದ ಮ್ಯಾಕ್ರೊಫೇಜ್, ಅಂದರೆ ಹೊರಗಿನದನ್ನು ನುಂಗುವ ಕೋಶಗಳು. ಇಂಕು ನುಂಗಿದ ಕೋಶ ಸತ್ತರೆ ಪಕ್ಕದಲ್ಲಿ ಹುಟ್ಟಿದ ಇನ್ನೊಂದು ಅದೇ ಇಂಕನ್ನು ಹಿಡಿದುಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದ್ದಾರೆ. ಹಾಗಾಗಿ ಆತುರ ಪಟ್ಟು ಲಾಭವಿಲ್ಲ. ಆರರಿಂದ ಎಂಟು ವಾರ ಸಾಕು ಅನ್ನುತ್ತಾರೆ, ನಾನು ಹತ್ತು ಹನ್ನೆರಡು ವಾರ ಬಿಟ್ಟೆ. ಎರಡನೆಯದಾದ ಮೇಲೆ ಅಂಚು ಕರಗಿತು, ಕೊನೆಗೆ ದಳದ ಜಾಗ ಬೂದಿ ಬಣ್ಣಕ್ಕೆ ಇಳಿಯಿತು. ಅಲ್ಲಿಗೆ ನಿಲ್ಲಿಸಿದೆ.

ಪಟ್ಟಿಯ ಅಂಚಿನಲ್ಲಿ ಕೆಂಪು ಗೆರೆಯೂ ಇತ್ತು. ಅದಕ್ಕೆ 532 ನ್ಯಾನೊಮೀಟರ್ ಬೆಳಕು ಬೇಕು, ಆದರೆ ಕಂದು ಚರ್ಮದಲ್ಲಿ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಸಹ ಆ ಬೆಳಕನ್ನು ಹೀರಿಕೊಂಡು ಬಿಳಿ ಮಚ್ಚೆ ಉಳಿಯುವ ಅಪಾಯವಿದೆ. ಬೇಡವೇ ಬೇಡ ಎಂದು ಬಿಟ್ಟೆವು, ಆ ಕೆಂಪು ಗೆರೆ ಆಮೇಲೆ ತಾವರೆಯ ಗುಲಾಬಿ ಬಣ್ಣದೊಳಗೆ ಸುಲಭವಾಗಿ ಕರಗಿತು.

ಈ ನಡುವೆ ಎರಡು ಪ್ರಯೋಗ. ತೊಡೆಯ ಮೇಲೆ ಬೇರೆ ಬೇರೆ ಕಂಪನಿಯ ಕಪ್ಪು ಇಂಕುಗಳ ಚುಕ್ಕೆ ಸಾಲಾಗಿ ಹಾಕಿಕೊಂಡು, ಮಾಗಿದ ಮೇಲೆ ಒಂದೇ ಅಳತೆಯ ಲೇಸರ್ ಹೊಡೆಸಿದೆ. ಬರೀ ಕಾರ್ಬನ್ ಕಪ್ಪು ಚೆನ್ನಾಗಿ ತೆಳುವಾಯಿತು, ಅಗ್ಗದ ಒಂದು ಇಂಕು ನೀಲಿಯನ್ನು ಉಳಿಸಿಕೊಂಡು ಕೂತಿತು. ಬಿಳಿ ಬೆರೆಸಿದ ಚುಕ್ಕೆ ಕಣ್ಣೆದುರೇ ಕಪ್ಪಿಟ್ಟಿತು, ಬಿಳಿ ಇಂಕಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಲೇಸರ್ ಬಿದ್ದರೆ ಹಾಗೇ. ಇನ್ನೊಂದು, 2012ರಲ್ಲಿ ಬಂದ ಆರ್20: ಇಪ್ಪತ್ತು ನಿಮಿಷ ಬಿಟ್ಟು ಬಿಟ್ಟು ಒಂದೇ ದಿನ ನಾಲ್ಕು ಸಲ ಹೊಡೆಯುವುದು. ಪಟ್ಟಿಯ ತುದಿಯಲ್ಲಿ ಮಾಡಿಸಿದೆ. ಹೆಚ್ಚು ತೆಳುವಾಗಿದ್ದು ನಿಜ, ಗುಳ್ಳೆಯೂ ಅಷ್ಟೇ ಜೋರಾಗಿ ಎದ್ದಿತು, ಮಾಗಲು ದುಪ್ಪಟ್ಟು ದಿನ. ಕವರ್‌ಅಪ್ ಮಾಡುವವರಿಗೆ ಅಷ್ಟು ಅವಸರ ಇಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪೂರ್ತಿ ತೆಗೆಯಲು ಹತ್ತು ಸಿಟಿಂಗ್, ಹೆಚ್ಚೂ ಆಗಬಹುದು ಎಂದಿದ್ದರು. ಅದರ ಮೂರನೇ ಒಂದು ಪಾಲಿನಷ್ಟು ಸಿಟಿಂಗ್‌ಗೆ ನನ್ನ ಕೆಲಸ ಆಯಿತು. ಪಿಕೊ ಲೇಸರ್‌ಗೆ (ಇನ್ನೂ ಚಿಕ್ಕ ಮಿಡಿತದ, ಹೊಸ ಬಗೆಯ ಮಷಿನ್) ಪ್ರತಿ ಸಲ ಹೆಚ್ಚುಕಡಿಮೆ ಎರಡರಷ್ಟು ಕೇಳಿದರು. ಬರೀ ಕಪ್ಪಿಗೆ, ಅದೂ ಬೂದಿ ಬಣ್ಣದಲ್ಲೇ ನಿಲ್ಲಿಸುವುದಕ್ಕೆ, ಅದು ದುಬಾರಿ. ಗಿರಾಕಿಯ ಕವರ್‌ಅಪ್ ಖರ್ಚು ಸೇರಿಸಿದರೂ ಪೂರ್ತಿ ಲೇಸರ್‌ನ ಅರ್ಧ ದಾಟುವುದಿಲ್ಲ. ಎರಡು ಕಡೆ ದುಡ್ಡು ಯಾರು ಕೊಡ್ತಾರೆ ಎಂಬ ಪ್ರಶ್ನೆಗೆ ಇದೇ ನನ್ನ ಉತ್ತರ.

ಕೊನೆಯ ಲೇಸರ್ ಆಗಿ ನಾಲ್ಕೈದು ತಿಂಗಳು ಸೂಜಿ ಮುಟ್ಟಲಿಲ್ಲ. ಚರ್ಮದ ಹೊಳಪು ಹೋಗಿ ಸಣ್ಣ ಗೆರೆಗಳು ವಾಪಸ್ ಬರಬೇಕು, ಎಳೆದರೆ ಪಕ್ಕದ ಚರ್ಮದಷ್ಟೇ ಹಿಗ್ಗಬೇಕು. ಬಲಗೈಯಲ್ಲಿ ನಾನೇ ಹಾಕಿದೆ, ಎಳೆದು ಹಿಡಿಯಲು ಸಹಾಯಕ ಇದ್ದ. ಗೆರೆಗೆ ಸಪೂರ ಲೈನರ್ ಸೂಜಿ ಬಿಟ್ಟು ಒಂಬತ್ತು ಸೂಜಿಗಳ ಗುಂಪಿನದು ತೆಗೆದುಕೊಂಡೆ, ಬಣ್ಣ ತುಂಬಲು ಕರ್ವ್ ಮ್ಯಾಗ್ನಮ್ ಎಂಬ ಬಾಗಿದ ಅಂಚಿನ ಅಗಲ ಸೂಜಿ, ಕೈ ಹಗುರ. ಬೂದಿಯ ಮೇಲೆ ಮೊದಲು ಬೀಳುವ ಮಿಶ್ರಣ ಯಾವುದು, ಎಷ್ಟು ತೆಳು ಮಾಡಬೇಕು ಎನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ತುಂಬ ಇಂಕು ಚೆಲ್ಲಿದ್ದೇನೆ. ಒಂದು ಮಾತು ಮಾತ್ರ ಗಿರಾಕಿಗೆ ಮೊದಲೇ ಹೇಳಿ: ತಿಳಿ ಬಣ್ಣದ ಇಂಕಿನಲ್ಲಿ ಬಿಳಿ ಇರುತ್ತದೆ, ಇದರ ಮೇಲೆ ಮತ್ತೆ ಲೇಸರ್ ಹೊಡೆಸಿದರೆ ಗುಲಾಬಿ ದಳವೇ ಕಪ್ಪಾದೀತು.

ಈಗ ಒಬ್ಬರ ಕಣಕಾಲಿನ ಮೇಲೆ ಇದೇ ಕೆಲಸ ಶುರು ಮಾಡಿದ್ದೇನೆ. ಹೃದಯದಿಂದ ದೂರದ ಜಾಗ, ಇಂಕು ನಿಧಾನಕ್ಕೆ ಇಳಿಯುತ್ತಿದೆ, ಸಿಗರೇಟು ಸೇದುವುದನ್ನೂ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಸ್ಟೆನ್ಸಿಲ್ ಸಿದ್ಧವಿದೆ, ಇನ್ನೂ ಎರಡು ಸಿಟಿಂಗ್ ಬೇಕಾಗಬಹುದು.