ಬಾಕಿ ಸಾಲವಿರುವಾಗ ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಅರ್ಜಿ ಸಲ್ಲಿಸುವ ಬಗೆ

ಅಮೆರಿಕದ ಪೌರತ್ವ ಪಡೆದು ಅಲ್ಲಿನ ರಕ್ಷಣಾ ಗುತ್ತಿಗೆ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೂ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿಯನ್ನು ನೋಡಲು ಅನುಮತಿ, ಬೇಕಾಗುವುದುಂಟು. ಅರ್ಹತೆಯನ್ನು ಅಳೆಯಲು 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾನದಂಡಗಳ ಪೈಕಿ ‘ಗೈಡ್‌ಲೈನ್ ಎಫ್’ ಹಣಕಾಸಿಗೆ ಸಂಬಂಧಿಸಿದ್ದು. ಸಾಲವಿರುವುದೇ ದೋಷವಲ್ಲ, ಕಂತು ತಪ್ಪದ ಮನೆಸಾಲವನ್ನು ಯಾರೂ ಆಕ್ಷೇಪಿಸುವುದಿಲ್ಲ. ಹಣದ ಒತ್ತಡಕ್ಕೆ ಸಿಲುಕಿದವನು ರಹಸ್ಯವನ್ನು ಮಾರಿಯಾನೆಂಬ ಶಂಕೆ ಒಂದು ಕಡೆಗಾದರೆ, ಕೊಟ್ಟ ಮಾತಿನಂತೆ ನಡೆಯದವನು ಗೌಪ್ಯತೆಯ ನಿಯಮಗಳನ್ನು ಪಾಲಿಸುವನೇ ಎಂಬ ಪ್ರಶ್ನೆ ಇನ್ನೊಂದು ಕಡೆಗಿರುತ್ತದೆ.

ಮೊದಲು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಸಂಸ್ಥೆಗಳ ಕ್ರೆಡಿಟ್ ವರದಿಗಳನ್ನೂ (ನಿಮ್ಮ ಸಾಲ ಮತ್ತು ಮರುಪಾವತಿಯ ದಾಖಲೆ) ತರಿಸಿಕೊಂಡು ಓದಿರಿ. ಕ್ಲಿಯರೆನ್ಸ್‌ಗಾಗಿ ತುಂಬಬೇಕಾದ ಎಸ್‌ಎಫ್-86 ಅರ್ಜಿಯ 26ನೇ ವಿಭಾಗವು ಕಳೆದ 7 ವರ್ಷಗಳಲ್ಲಿ 120 ದಿನಗಳಿಗಿಂತ ಹೆಚ್ಚು ಬಾಕಿ ಉಳಿದ ಸಾಲಗಳನ್ನು, ಈಗ ತೀರಿಸಿದ್ದರೂ, ಕೇಳುತ್ತದೆ. ಜಾಮೀನು ನಿಂತ ಸಾಲಗಳೂ ಇದರಲ್ಲಿ ಸೇರುವುದರಿಂದ, ಊರಿನಲ್ಲಿ ಭಾವಮೈದುನನ ಸಾಲಕ್ಕೆ ಹಾಕಿದ ಸಹಿಯನ್ನು ಮರೆಯಬೇಡಿ. ಬೇಕೆಂದೇ ಮುಚ್ಚಿಟ್ಟರೆ ಅದು ಪ್ರಾಮಾಣಿಕತೆಯ ಪ್ರಶ್ನೆಯಾಗಿ, ಮೂಲ ಸಾಲಕ್ಕಿಂತ ದೊಡ್ಡ ತೊಡಕಾಗುತ್ತದೆ.

ಎಲ್ಲವನ್ನೂ ಒಮ್ಮೆಲೇ ತೀರಿಸಬೇಕೆಂದಿಲ್ಲ. ಸಾಲ ಕೊಟ್ಟವರೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಸಣ್ಣ ಮೊತ್ತವನ್ನಾದರೂ ತಿಂಗಳು ತಿಂಗಳೂ ತಪ್ಪದೆ ಕಟ್ಟುತ್ತ, ರಸೀದಿಗಳನ್ನು ಜೋಡಿಸಿಡಿ. ಇದನ್ನು ಸರ್ಕಾರದಿಂದ ಆಕ್ಷೇಪಗಳ ನೋಟಿಸು ಬರುವ ಮುನ್ನವೇ ಆರಂಭಿಸಿರಬೇಕು. ನೋಟಿಸು ಕಂಡ ಮೇಲೆ ಕಟ್ಟಿದ ಹಣಕ್ಕೆ ಅಷ್ಟು ತೂಕವಿಲ್ಲ. ಕೆಲಸ ಹೋದದ್ದು, ಆಸ್ಪತ್ರೆಯ ಖರ್ಚು, ವಿಚ್ಛೇದನದಂತಹ ಕೈಮೀರಿದ ಕಾರಣಗಳಿಗೆ ದಾಖಲೆ ಒದಗಿಸಿ, ಆ ಬಳಿಕ ನೀವು ಜವಾಬ್ದಾರಿಯಿಂದ ನಡೆದುಕೊಂಡಿರೆಂಬುದನ್ನೂ ತೋರಿಸಿರಿ, ಏಕೆಂದರೆ ಕಾರಣವೊಂದೇ ಸಾಲದು. ತೆರಿಗೆ ರಿಟರ್ನ್ ಸಲ್ಲಿಸದೆ ಉಳಿದಿದ್ದರೆ ಅದನ್ನು ತಡಮಾಡದೆ ಸಲ್ಲಿಸಿರಿ. ನಿಮ್ಮದಲ್ಲದ ಸಾಲ ವರದಿಯಲ್ಲಿದ್ದರೆ ಲಿಖಿತವಾಗಿ ತಕರಾರು ಹೂಡಿ, ಪ್ರತಿಯನ್ನು ಇಟ್ಟುಕೊಳ್ಳಿ.

ಏಳು ವರ್ಷಗಳ ನಂತರ ವರದಿಯಿಂದ ಅಳಿಸಿಹೋದ ಸಾಲ ಮುಗಿದಂತೆಯೇ ಎಂದು ಹಲವರು ನಂಬಿದ್ದಾರೆ. ಇದು ಅಪಾಯದ ನಂಬಿಕೆ: ವರದಿಯಿಂದ ಹೋದದ್ದು ತೀರಿದ್ದಕ್ಕೆ ಸಾಕ್ಷಿಯಲ್ಲ.

ಇಷ್ಟಾದರೂ ಆ ನೋಟಿಸು, ಅಂದರೆ ಆಕ್ಷೇಪಗಳ ಪಟ್ಟಿಯಾದ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಬಂದರೆ, ಗುತ್ತಿಗೆ ಕಂಪನಿಯ ನೌಕರರು ಅದು ಕೈಸೇರಿದ 20 ದಿನಗಳೊಳಗೆ, ಒಂದೊಂದು ಸಾಲವನ್ನೂ ಒಪ್ಪುವಿರೋ ಅಲ್ಲಗಳೆಯುವಿರೋ ಎಂಬುದನ್ನು ಪ್ರತ್ಯೇಕವಾಗಿ ಬರೆದು ಪ್ರಮಾಣೀಕರಿಸಿ ಉತ್ತರಿಸಬೇಕು. ವಿಚಾರಣೆ ಬೇಕಿದ್ದರೆ ಆ ಉತ್ತರದಲ್ಲಿಯೇ ಕೋರಿ, ರಸೀದಿಗಳನ್ನು ಲಗತ್ತಿಸಿರಿ.