ಅಂತರರಾಷ್ಟ್ರೀಯ ವ್ಯವಹಾರಗಳ ಸ್ನಾತಕೋತ್ತರ ಶಾಲೆಗೆ ಅರ್ಜಿ: ಮೊದಲು ನಿಮ್ಮ ಪ್ರಶ್ನೆ ಹುಡುಕಿ

'ನನಗೆ ಜಗತ್ತಿನ ರಾಜಕೀಯ ಅಂದರೆ ಇಷ್ಟ' ಅಂತ ಬರೆದರೆ ಸಾಲದು. ಅರ್ಜಿ ಹಾಕುವವರಿಗೆಲ್ಲ ಅದು ಇಷ್ಟವೇ, ಅಲ್ವಾ? ಶಾಲೆಗಳ ಪಟ್ಟಿ ಮಾಡುವ ಮೊದಲು, ನಿಮ್ಮನ್ನು ಬಿಡದೆ ಕಾಡುವ ಒಂದು ಪ್ರಶ್ನೆ ಹುಡುಕಿಕೊಳ್ಳಿ. ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ.

'ನೀರಿನ ಜಗಳಗಳು' ಅನ್ನುವುದು ಪ್ರಶ್ನೆಯಲ್ಲ. ಇಥಿಯೋಪಿಯಾ 2011ರಲ್ಲಿ ನೈಲ್ ನದಿಯ ಉಪನದಿಗೆ ದೊಡ್ಡ ಅಣೆಕಟ್ಟು ಕಟ್ಟಲು ಶುರು ಮಾಡಿತು. ನದಿಯ ಕೆಳಗಿರುವ ಈಜಿಪ್ಟ್‌ಗೆ ಆತಂಕವಾಯಿತು. ವರ್ಷಗಟ್ಟಲೆ ಮಾತುಕತೆ ನಡೆದರೂ ನೀರು ತುಂಬಿಸುವ ಬಗ್ಗೆ ಕಟ್ಟುನಿಟ್ಟಾದ ಒಪ್ಪಂದ ಯಾಕೆ ಆಗಲಿಲ್ಲ? ಇದು ಪ್ರಶ್ನೆ. ಇದರ ಬೆನ್ನು ಹತ್ತಿದರೆ ನದಿಗಳ ಕಾನೂನು ಬೇಕು, ಅರ್ಥಶಾಸ್ತ್ರ ಬೇಕು, ಅರೇಬಿಕ್ ಬಂದರೆ ಇನ್ನೂ ಒಳ್ಳೆಯದು. ಯಾವ ಪಾಠ ಓದಬೇಕು ಅನ್ನುವುದು ತಾನಾಗಿ ತಿಳಿಯಿತು ನೋಡಿ.

ಈಗ ಶಾಲೆ. ಹೆಸರು ನೋಡಿ ಮರುಳಾಗಬೇಡಿ. ನಿರಾಶ್ರಿತರ ಬಗ್ಗೆ ಓದುವವರಿಗೆ 1927ರಲ್ಲಿ ಶುರುವಾದ ಜಿನೀವಾದ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್ ಚೆನ್ನಾಗಿ ಹೊಂದಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮುಖ್ಯ ಕಚೇರಿ ಅದೇ ಊರಿನಲ್ಲಿದೆ. 1943ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿ, ಈಗ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಭಾಗವಾಗಿರುವ ಸೈಸ್ (SAIS) ಅನ್ನುವ ಶಾಲೆ ಅರ್ಥಶಾಸ್ತ್ರಕ್ಕೆ ಹೆಸರಾದದ್ದು. ಅದಕ್ಕೆ ಇಟಲಿಯ ಬೊಲೋನ್ಯಾದಲ್ಲೂ 1955ರಿಂದ ಕ್ಯಾಂಪಸ್ ಇದೆ. ಎಲ್ಲಿಗೇ ಹೋಗಿ, ನಿಮ್ಮ ಪ್ರಶ್ನೆಯ ಮೇಲೆ ಕೆಲಸ ಮಾಡುವ ಇಬ್ಬರು ಪ್ರಾಧ್ಯಾಪಕರಾದರೂ ಅಲ್ಲಿರಬೇಕು. ಆ ವರ್ಷ ಅವರು ಪಾಠ ಮಾಡುತ್ತಾರಾ ಅಂತಲೂ ಕೇಳಿಕೊಳ್ಳಿ.

ಅರ್ಥಶಾಸ್ತ್ರ ಓದದವರು ಮೈಕ್ರೋ (ಜನ, ಕಂಪನಿಗಳ ಮಟ್ಟದ ಅರ್ಥಶಾಸ್ತ್ರ), ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು) ಎರಡೂ ಮೊದಲೇ ಕಲಿಯಿರಿ. ಎಷ್ಟೋ ಶಾಲೆಗಳು ಅದನ್ನು ನಿರೀಕ್ಷಿಸುತ್ತವೆ. ಎರಡನೆಯ ಭಾಷೆಯ ಪರೀಕ್ಷೆ ಪಾಸಾಗದೆ ಡಿಗ್ರಿ ಕೊಡದ ಶಾಲೆಗಳೂ ಇವೆ. ತಾಯ್ನುಡಿ ಕೆಲವು ಕಡೆ ಲೆಕ್ಕಕ್ಕೆ ಬರುತ್ತದೆ, ವಿಚಾರಿಸಿ.

ಜಾಸ್ತಿ ದಿನ ಕೊಡಬೇಕಾದದ್ದು ಎಸ್‌ಒಪಿಗೆ, ಅಂದರೆ ಯಾಕೆ ಓದಬೇಕು ಅಂತ ನೀವು ಬರೆಯುವ ಪತ್ರಕ್ಕೆ. ಬಾಲ್ಯದ ಕನಸಿನಿಂದ ಶುರು ಮಾಡಬೇಡಿ. ಪ್ರಶ್ನೆ ನಿಮಗೆ ಎದುರಾದ ಗಳಿಗೆಯಿಂದ ಶುರು ಮಾಡಿ. ಉತ್ತರಕ್ಕಾಗಿ ಈವರೆಗೆ ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ಬಿಡಿಸಿಕೊಳ್ಳಲು ಈ ಶಾಲೆಯ ಯಾವ ಪಾಠ ಬೇಕು ಅಂತ ಹೇಳಿ. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಲು ಹೆದರಬೇಡಿ. ಕಲಿಯಲು ತಾನೇ ಹೋಗುತ್ತಿರುವುದು? ಬರೆದದ್ದನ್ನು ಈ ವಿಷಯದ ಗಂಧಗಾಳಿ ಇಲ್ಲದ ಗೆಳೆಯರಿಗೆ ಓದಲು ಕೊಡಿ. ನಿಮ್ಮ ಪ್ರಶ್ನೆ ಏನು ಅಂತ ಅವರು ಒಂದೇ ಮಾತಿನಲ್ಲಿ ಹೇಳಲಾಗದಿದ್ದರೆ ಮತ್ತೆ ಬರೆಯಿರಿ. ನಾಲ್ಕೈದು ಸಲ ಬರೆಯಬೇಕಾಗುತ್ತದೆ, ಬೇಸರ ಬೇಡ.

ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರ ಹಿಂದೆ ಸುಮ್ನೆ ಅಲೆಯಬೇಡಿ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರನ್ನು ಕೇಳಿ. ಎರಡು ತಿಂಗಳು ಮೊದಲೇ ಕೇಳಿ, ಜೊತೆಗೆ ಎಸ್‌ಒಪಿಯ ಕರಡನ್ನೂ ಕೊಡಿ.

ಅಮೆರಿಕದ ಹಲವು ಶಾಲೆಗಳಲ್ಲಿ ಅರ್ಜಿಯ ಕೊನೆ ದಿನ ಡಿಸೆಂಬರ್, ಜನವರಿಯಲ್ಲೇ ಬರುತ್ತದೆ. ಸ್ಕಾಲರ್‌ಶಿಪ್‌ನ ಕೊನೆ ದಿನ ಅದಕ್ಕಿಂತ ಮೊದಲೇ ಇರಬಹುದು. ಈ ಎರಡು ದಿನಾಂಕಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.