ಹೊಸನಗರದಿಂದ ಬಂದ ನೀಲಿ ಮುಚ್ಚಳದ ಟ್ಯೂಬು

ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಒಂದು ಮಳೆಗಾಲದ ಬೆಳಿಗ್ಗೆ ಹೊಸನಗರ ತಾಲ್ಲೂಕಿನ ಆರು ವರ್ಷದ ಹುಡುಗನ ರಕ್ತ ಬಸ್ಸಿನಲ್ಲಿ, ಮಂಜುಗಡ್ಡೆ ತುಂಬಿದ ಡಬ್ಬಿಯೊಳಗೆ ಬಂತು. ಅಂಗಳದಲ್ಲಿ ಜಾರಿ ಬಿದ್ದವನ ಮೊಣಕಾಲು ಊದಿಕೊಂಡು ವಾರವಾದರೂ ಇಳಿದಿರಲಿಲ್ಲವೆಂದು ಚೀಟಿಯಲ್ಲಿ ಬರೆದಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದಾಗ ರಕ್ತ ಗುರುತಿನ ಗೆರೆಗಿಂತ ಒಂದು ಬೆರಳಿನಷ್ಟು ಕೆಳಗೇ ನಿಂತಿತ್ತು. ಅದನ್ನು ನಾನು ಯಂತ್ರಕ್ಕೆ ಹಾಕಲಿಲ್ಲ.

ಈ ಟ್ಯೂಬಿನಲ್ಲಿ 3.2 ಶೇಕಡಾ ಸೋಡಿಯಂ ಸಿಟ್ರೇಟ್ ದ್ರಾವಣ 0.3 ಮಿ.ಲೀ. ಇದ್ದರೆ ಅದಕ್ಕೆ 2.7 ಮಿ.ಲೀ. ರಕ್ತ ಬೀಳಬೇಕು, ಅಂದರೆ ಒಂಬತ್ತಕ್ಕೆ ಒಂದು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ಪರೀಕ್ಷೆಯ ಹೊತ್ತಿಗೆ ನಾವು ಮತ್ತೆ ಕ್ಯಾಲ್ಸಿಯಂ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕಾಯಿತೆಂದು ಅಳೆಯುತ್ತೇವೆ. ರಕ್ತ ಕಡಿಮೆ ಬಿದ್ದಾಗ ಉಳಿದುಹೋದ ಸಿಟ್ರೇಟ್ ಹೊಸ ಕ್ಯಾಲ್ಸಿಯಂ ಅನ್ನೂ ನುಂಗುವುದರಿಂದ, ಆರೋಗ್ಯವಂತರ ರಕ್ತವೂ ರೋಗಿಯ ರಕ್ತದಂತೆ ತಡವಾಗಿ ಗಟ್ಟಿಯಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಟ್ಯೂಬಿನಿಂದ ನಾನು ಕೊಟ್ಟ ವರದಿಯಿಂದಾಗಿ ತೀರ್ಥಹಳ್ಳಿ ಕಡೆಯ ವೃದ್ಧರೊಬ್ಬರ ಹರ್ನಿಯಾ ಶಸ್ತ್ರಚಿಕಿತ್ಸೆ ಮುಂದೆ ಹೋಯಿತು. ಮರುಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆ ತಪ್ಪು ನನ್ನದೇ, ಅದನ್ನು ನಾನು ಇಂದಿಗೂ ಮರೆತಿಲ್ಲ.

ಮಂಜುಗಡ್ಡೆಯೂ ಒಳ್ಳೆಯದಲ್ಲ. ತಣ್ಣಗಾದ ರಕ್ತದಲ್ಲಿ, ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಾದ ಫ್ಯಾಕ್ಟರ್‌ಗಳ ಪೈಕಿ ಎಂಟನೆಯ ಫ್ಯಾಕ್ಟರ್ ಮತ್ತು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಕುಗ್ಗಬಹುದು, ಏಳನೆಯದು ತಾನಾಗಿ ಚುರುಕಾಗಬಹುದು. ಕೋಣೆಯ ಉಷ್ಣತೆಯಲ್ಲಿಟ್ಟು ನಾಲ್ಕು ಗಂಟೆಯೊಳಗೆ, ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಎಪಿಟಿಟಿ ಎಂಬ ಪರೀಕ್ಷೆಯನ್ನು ಮುಗಿಸಬೇಕು. ಮರ ಬಿದ್ದು ರಸ್ತೆ ಮುಚ್ಚುವ ದಿನಗಳಲ್ಲಿ ಇದು ಆಗದ ಮಾತು. ಹಾಗಾಗಿ ಹುಡುಗನನ್ನೇ ಕರೆತರುವಂತೆ ವೈದ್ಯರಲ್ಲಿ ಕೇಳಿಕೊಂಡೆ.

ಮೂರನೆಯ ದಿನ ತಾಯಿ ಅವನನ್ನು ಎತ್ತಿಕೊಂಡೇ ಬಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದಾಗ, "ನನ್ನ ಅಣ್ಣಂಗೆ ಹಲ್ಲು ಕೀಳಿಸಿದ ಮೇಲೆ ಮೂರು ದಿನ ರಕ್ತ ನಿಲ್ಲಲೇ ಇಲ್ಲ ಸಾರ್" ಎಂದರು. ಆ ಒಂದು ಮಾತಿನಿಂದ ಅರ್ಧ ದಾರಿ ತೆರೆಯಿತು, ಏಕೆಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಎಂಬುದು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಇಳಿಯುವ ದೋಷ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿಯದೆ, ಒಂದೇ ಚುಚ್ಚಿಗೆ ರಕ್ತ ತೆಗೆದು, ಗೆರೆಯವರೆಗೆ ತುಂಬಿಸಿ, ಟ್ಯೂಬನ್ನು ಮೆಲ್ಲಗೆ ನಾಲ್ಕು ಬಾರಿ ಮಗುಚಿದೆ. ಚುಚ್ಚಿದ ಜಾಗವನ್ನು ಹತ್ತು ನಿಮಿಷ ನಾನೇ ಒತ್ತಿ ಹಿಡಿದಿದ್ದೆ.

ಹೆಪ್ಪುಗಟ್ಟುವ ಹೊತ್ತನ್ನು ಇನ್ನೊಂದು ಬಗೆಯಲ್ಲಿ ಅಳೆಯುವ ಪಿಟಿ ಪರೀಕ್ಷೆ ಸಹಜವಾಗಿತ್ತು, ಎಪಿಟಿಟಿ ಮಾತ್ರ ತೀರಾ ತಡವಾಗಿ, 84 ಸೆಕೆಂಡು. ಅವನ ಪ್ಲಾಸ್ಮಾಕ್ಕೆ, ಅಂದರೆ ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವಕ್ಕೆ, ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪಾಲು ಬೆರೆಸಿದಾಗ ಅದು 33ಕ್ಕೆ ಇಳಿಯಿತು. 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟ ಮೇಲೂ ಏರಲಿಲ್ಲ. ಕೊರತೆಯಾಗಿದ್ದುದು ಬೆರಕೆಯಲ್ಲಿ ತುಂಬಿಕೊಂಡಿತೆಂದು ಇದರ ಅರ್ಥ. ಎಂಟನೆಯ ಫ್ಯಾಕ್ಟರ್ ಶೇಕಡಾ ಒಂದಕ್ಕಿಂತಲೂ ಕಡಿಮೆಯಿತ್ತು, ಅಂದರೆ ತೀವ್ರ ಸ್ವರೂಪದ ಹಿಮೊಫಿಲಿಯಾ ಎ. ವೈದ್ಯರು ಕುಟುಂಬವನ್ನು ದಾವಣಗೆರೆಯ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯ ಸಂಪರ್ಕಕ್ಕೆ ತಂದರು.

ಹುಟ್ಟಿನಿಂದ ಬಾರದ ದೋಷವೆಂದರೆ ಮಲೆನಾಡಿನವರಿಗೆ ಮೊದಲು ನೆನಪಾಗುವುದು ಕೊಳಕುಮಂಡಲದ ಕಡಿತ. ಅದಕ್ಕೆ ಯಂತ್ರ ಬೇಡ. ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿ ನೋಡಿದರೆ ಹೆಪ್ಪುಗಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕಠಿಣವಾದುದು ಸಾಗರದ ಕಡೆಯಿಂದ ಬಂದ ಬಾಣಂತಿಯದು. ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ತೊಡೆಯಲ್ಲೂ ಮುಂಗೈಯಲ್ಲೂ ಅಂಗೈಯಗಲದ ನೀಲಿಗಟ್ಟಿದ ಕಲೆಗಳು. ತವರಿನಲ್ಲಿ ಯಾರಿಗೂ ಇಂಥದ್ದು ಇರಲಿಲ್ಲ. ಎಪಿಟಿಟಿ 72, ಬೆರಕೆ ಮಾಡಿದ ಕೂಡಲೇ 38. ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನೂ ಕೊರತೆಯೆಂದೇ ಬರೆಯುತ್ತಿದ್ದೆ. ಎರಡು ಗಂಟೆಯ ನಂತರ ಅದೇ ಬೆರಕೆ 61 ತೋರಿಸಿತು. ಎರಡೂ ಪ್ಲಾಸ್ಮಾಗಳನ್ನು ಅಷ್ಟೇ ಹೊತ್ತು ಬೇರೆಬೇರೆಯಾಗಿ 37 ಡಿಗ್ರಿಯಲ್ಲಿಟ್ಟು ಆಮೇಲೆ ಬೆರೆಸಿದ ನಳಿಕೆಯಲ್ಲಿ ಮಾತ್ರ 40ರ ಆಸುಪಾಸೇ ಇತ್ತು. ದೇಹವೇ ಎಂಟನೆಯ ಫ್ಯಾಕ್ಟರಿಗೆ ವಿರುದ್ಧವಾಗಿ ತಯಾರಿಸಿದ ಪ್ರತಿಕಾಯ ಹೀಗೆ ಬಿಸಿಯಲ್ಲಿ, ನಿಧಾನವಾಗಿ ಕೆಲಸ ಮಾಡುತ್ತದೆ. ಲೂಪಸ್ ಪ್ರತಿಕಾಯವೆಂಬ ಇನ್ನೊಂದು ಬಗೆಯದಾದರೆ ಸಾಮಾನ್ಯವಾಗಿ ಬೆರೆಸಿದ ಕ್ಷಣವೇ ಅಡ್ಡಿಪಡಿಸುತ್ತದೆ, ಮತ್ತು ಅದು ರಕ್ತಸ್ರಾವಕ್ಕಿಂತ ಹೆಚ್ಚಾಗಿ ರಕ್ತನಾಳದಲ್ಲಿ ಹೆಪ್ಪನ್ನು ತರುತ್ತದೆ.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವ ಪ್ರೋಟೀನ್ ಸಿ ಮತ್ತು ಎಸ್ ಪರೀಕ್ಷೆಯ ಕೋರಿಕೆ ಬಂದಾಗಲೂ ನಾನು ವೈದ್ಯರಿಗೆ ಫೋನ್ ಮಾಡಿ, ರೋಗಿ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳುತ್ತೇನೆ. ಆ ಮಾತ್ರೆ ಎರಡನ್ನೂ ತಗ್ಗಿಸುವುದರಿಂದ, ಇಲ್ಲದ ಆನುವಂಶಿಕ ದೋಷವನ್ನು ಒಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

ಬಾಣಂತಿಯ ಫಲಿತಾಂಶವನ್ನು ನಾನು ಅಂದು ಸಂಜೆಯೇ ವೈದ್ಯರಿಗೆ ಬಾಯಿಮಾತಿನಲ್ಲಿ ತಿಳಿಸಿದೆ. ಪ್ರತಿಕಾಯವನ್ನು ತಗ್ಗಿಸುವ ಸ್ಟೀರಾಯ್ಡ್ ಆರಂಭವಾಯಿತು. ಪ್ರತಿ ವಾರವೂ ಆಕೆಯ ಟ್ಯೂಬು ಬರುತ್ತಿತ್ತು, ಮಂಜುಗಡ್ಡೆಯಿಲ್ಲದೆ, ಗೆರೆಯವರೆಗೆ ತುಂಬಿ. ಒಂಬತ್ತನೆಯ ವಾರ ಎಪಿಟಿಟಿ ಸಹಜವೆನ್ನಬಹುದಾದ 35 ಸೆಕೆಂಡಿಗೆ ಬಂತು.